‘ಅನ್‌ನೋನ್ ಇವೆಂಟ್’ ಅಂದ ಸರ್ವರ್

ಸರ್ವರ್ ಕೆಟ್ಟು ನಿಂತರೆ ಕೆಲಸ ಸುಲಭ. ಡಿಸ್ಕ್ ಹೋದರೆ ಅದರ ಮುಂದಿನ ಲೈಟ್ ಬಣ್ಣ ಬದಲಿಸುತ್ತದೆ. ಪವರ್ ಸಪ್ಲೈ ಹೋದರೆ ಅಲಾರ್ಮ್ ಬರುತ್ತದೆ. ಹೊಸ ಪಾರ್ಟ್ ತರಿಸಿ ಹಾಕಿದರೆ ಮುಗಿಯಿತು. ಆದರೆ ಯಾವಾಗಲೋ ಒಮ್ಮೆ ತಾನಾಗಿಯೇ ರೀಸ್ಟಾರ್ಟ್ ಆಗಿ, ಬೆಳಿಗ್ಗೆ ಏನೂ ಆಗಿಲ್ಲ ಅನ್ನೋ ಹಾಗೆ ಓಡುತ್ತಿರುವ ಸರ್ವರ್ ಇದೆಯಲ್ಲ, ಅದರ ಕಾಟವೇ ಬೇರೆ. ಯಾವ ಪಾರ್ಟ್ ಅಂತ ಬದಲಿಸುವುದು? ಯಾರಿಗೆ ಏನಂತ ಹೇಳುವುದು?

ಧಾರವಾಡದ ಒಂದು ಕಾಲೇಜಿನಲ್ಲಿ ಸರ್ವರ್ ನೋಡಿಕೊಳ್ಳುವ ಕೆಲಸ ನನ್ನದು. ನಮ್ಮ ಹತ್ತಿರ ಒಂದೇ ಮಾಡೆಲ್‌ನ ಎರಡು ಸರ್ವರ್ ಇವೆ. ಎರಡೆರಡು ಪ್ರೊಸೆಸರ್, ಸಣ್ಣ ಎರರ್ ತಾನೇ ತಿದ್ದಿಕೊಳ್ಳುವ ಇಸಿಸಿ ಮೆಮೊರಿ, 10 ಗಿಗಾಬಿಟ್ ನೆಟ್‌ವರ್ಕ್ ಕಾರ್ಡ್. ಮೊದಲನೆಯದರ ಮೇಲೆ ಲಿನಕ್ಸ್, ಅದರೊಳಗೆ ಕೆವಿಎಂನಲ್ಲಿ ವರ್ಚುವಲ್ ಮಷೀನ್‌ಗಳು, ಅಂದರೆ ಸಾಫ್ಟ್‌ವೇರ್‌ನಲ್ಲೇ ಕಟ್ಟಿದ ಬೇರೆ ಬೇರೆ ಕಂಪ್ಯೂಟರುಗಳು. ಲೈಬ್ರರಿಯ ಕೋಹಾ, ಪಾಠದ ಮೂಡಲ್, ಹಾಜರಿ, ಫೀ ಲೆಕ್ಕ, ಎಲ್ಲ ಅದರಲ್ಲೇ. ಎರಡನೆಯದು ರಾತ್ರಿ ಬ್ಯಾಕಪ್ ತೆಗೆದಿಟ್ಟುಕೊಳ್ಳುತ್ತದೆ. ರೀಸ್ಟಾರ್ಟ್ ಆಗುತ್ತಿದ್ದದ್ದು ಮೊದಲನೆಯದು. ಬೆಳಿಗ್ಗೆ ಬಂದು ಅಪ್‌ಟೈಮ್ (ಎದ್ದು ಎಷ್ಟು ಹೊತ್ತಾಯಿತು ಅನ್ನೋ ಲೆಕ್ಕ) ನೋಡಿದರೆ ಕೆಲವೇ ಗಂಟೆ ತೋರಿಸುತ್ತಿತ್ತು. ಡೇಟಾಬೇಸ್ ತನ್ನನ್ನು ತಾನೇ ರಿಪೇರಿ ಮಾಡಿಕೊಂಡು ಎದ್ದಿರುತ್ತಿತ್ತು. ಹೊರಗಿನವರಿಗೆ ಗೊತ್ತೇ ಆಗುತ್ತಿರಲಿಲ್ಲ. ನನಗೆ ಮಾತ್ರ ನೆಮ್ಮದಿ ಇರಲಿಲ್ಲ. ಫೀ ಕಟ್ಟುವ ದಿನ ಮಧ್ಯಾಹ್ನ ಹೀಗಾದರೆ ಏನು ಗತಿ ಅನ್ನೋದೇ ಯೋಚನೆ.

‘ಕರೆಂಟಿಂದೇ ಪ್ರಾಬ್ಲಂ ಇರಬೇಕು’ ಅಂತ ಎಲ್ಲರೂ ಅಂದರು. ಅಡ್ಡಮಳೆಯ ದಿನಗಳು, ಹಾಗನ್ನಿಸುವುದು ಸಹಜ. ಆದರೆ ಅದೇ ಯುಪಿಎಸ್‌ನಿಂದ ಎರಡನೇ ಸರ್ವರಿಗೂ ಕರೆಂಟ್ ಹೋಗುತ್ತದೆ. ಅದು ಒಂದು ಸಲವೂ ಅಲುಗಾಡಿಲ್ಲ. ಯುಪಿಎಸ್ ಲಾಗ್‌ನಲ್ಲೂ ಆ ರಾತ್ರಿಗಳಲ್ಲಿ ಏನೂ ಇಲ್ಲ. ಅಲ್ಲಿಗೆ ಆ ಅನುಮಾನ ಮುಗಿಯಿತು.

ಲಿನಕ್ಸ್ ಲಾಗ್ ನೋಡಿದೆ. ಸರಿಯಾಗಿ ಶಟ್‌ಡೌನ್ ಆದ ಮಷೀನ್ ಒಂದೊಂದೇ ಸರ್ವಿಸ್ ನಿಲ್ಲಿಸಿದ್ದನ್ನು ಬರೆದು ಹೋಗುತ್ತದೆ. ಇಲ್ಲಿ ಹಾಗಿಲ್ಲ. ಹಿಂದಿನ ಬೂಟ್‌ನ ಲಾಗ್ ಬ್ಯಾಕಪ್‌ನ ಮಾಮೂಲಿ ಸಾಲಿನಲ್ಲಿ ತಟ್ಟನೆ ನಿಂತಿದೆ. ಮುಂದಿನ ಸಾಲು ಹೊಸ ಬೂಟ್‌ನದ್ದು. ಲಿನಕ್ಸ್‌ನ ತಿರುಳಾದ ಕರ್ನಲ್ ಪ್ಯಾನಿಕ್ ಆದರೆ, ಅಂದರೆ ಸಾವರಿಸಿಕೊಳ್ಳಲಾಗದೆ ಕೈಚೆಲ್ಲಿದರೆ, ಮೆಮೊರಿಯ ನಕಲು ಉಳಿಯಲಿ ಅಂತ ಕೆಡಂಪ್ ಮೊದಲೇ ಹಾಕಿಟ್ಟಿದ್ದೆವು. ಅದರ ಫೋಲ್ಡರ್ ಖಾಲಿ. ಅಂದರೆ ಪ್ಯಾನಿಕ್ ಆಗುವಷ್ಟು ಪುರುಸೊತ್ತೂ ಕರ್ನಲ್‌ಗೆ ಸಿಕ್ಕಿಲ್ಲ. ಕೆಳಗಿನಿಂದ ಯಾರೋ ರೀಸೆಟ್ ಒತ್ತಿದ್ದಾರೆ.

ಕೆಳಗೆ ಇರುವುದು ಬಿಎಂಸಿ. ಗೊತ್ತಿಲ್ಲದವರಿಗೆ ಒಂದು ಮಾತು: ಸರ್ವರಿನ ಮದರ್‌ಬೋರ್ಡ್ ಮೇಲೆ ಇನ್ನೊಂದು ಪುಟ್ಟ ಕಂಪ್ಯೂಟರ್ ಇರುತ್ತದೆ. ಅದಕ್ಕೆ ತನ್ನದೇ ಪ್ರೊಸೆಸರ್, ತನ್ನದೇ ಸಾಫ್ಟ್‌ವೇರ್, ಸಾಮಾನ್ಯವಾಗಿ ತನ್ನದೇ ನೆಟ್‌ವರ್ಕ್ ಪೋರ್ಟ್. ಸರ್ವರ್ ಆಫ್ ಆಗಿದ್ದರೂ ವೈರ್‌ನಲ್ಲಿ ಕರೆಂಟ್ ಇರುವವರೆಗೆ ಅದು ಎಚ್ಚರವಾಗಿರುತ್ತದೆ. ಫ್ಯಾನ್, ಶಾಖ, ವೋಲ್ಟೇಜ್, ಹಾರ್ಡ್‌ವೇರ್ ಎರರ್ ಎಲ್ಲವನ್ನೂ ತನ್ನ ಇವೆಂಟ್ ಲಾಗ್‌ನಲ್ಲಿ ಬರೆದಿಡುತ್ತದೆ. ಬಿಎಂಸಿ ಜೊತೆ ಮಾತಾಡುವ ಐಪಿಎಂಐ ಟೂಲ್‌ನಿಂದ ಆ ಲಾಗ್ ತೆಗೆದೆ. ಎಂಟ್ರಿಗಳು ಇದ್ದವು. ಆದರೆ ಹೆಸರಿನ ಜಾಗದಲ್ಲಿ ‘ಅನ್‌ನೋನ್’, ಪಕ್ಕದಲ್ಲಿ ಒಂದಿಷ್ಟು ಹೆಕ್ಸಾಡೆಸಿಮಲ್ (16ರ ಮಾನದ) ಅಂಕಿ. ಅಷ್ಟೇ.

ಸಮಯವೂ ತಾಳೆಯಾಗುತ್ತಿರಲಿಲ್ಲ. ಲಿನಕ್ಸ್ ನಿಂತಿದ್ದು ರಾತ್ರಿ 1:40ರ ಸುಮಾರಿಗೆ, ಬ್ಯಾಕಪ್ ಜೋರಾಗಿ ನಡೆಯುವಾಗ. ಬಿಎಂಸಿ ಲಾಗ್‌ನ ಎಂಟ್ರಿ ಹಿಂದಿನ ಸಂಜೆ 8:10ಕ್ಕೆ. ಆ ಹೊತ್ತಿಗೆ ಸರ್ವರ್ ಆರಾಮಾಗಿ ಓಡುತ್ತಿತ್ತು. ಇವೆರಡೂ ಬೇರೆ ಬೇರೆ ಘಟನೆಯಾ? ನನ್ನ ಜೊತೆ ಕೆಲಸ ಮಾಡುವ ಹುಡುಗ ಎರಡೂ ಪ್ರಿಂಟ್‌ಔಟ್ ಪಕ್ಕ ಪಕ್ಕ ಇಟ್ಟು ನೋಡುತ್ತಾ ಕೂತಿದ್ದ. ‘ಮೇಡಂ, ಎಲ್ಲಾ ಎಂಟ್ರಿನೂ ಬರೋಬ್ಬರಿ ಐದೂವರಿ ತಾಸು ಹಿಂದ ಅದಾವಲ್ರಿ’ ಅಂದ. ಸರಿಯಾಗಿ ಹಿಡಿದಿದ್ದ. ಬಿಎಂಸಿ ಗಡಿಯಾರ ಯುಟಿಸಿಯಲ್ಲಿ, ಅಂದರೆ ಜಾಗತಿಕ ಸಮಯದಲ್ಲಿ ಓಡುತ್ತಿತ್ತು. ನಮ್ಮ ಭಾರತೀಯ ಸಮಯ ಅದಕ್ಕಿಂತ 5:30 ಮುಂದೆ. ಕೂಡಿಸಿ ನೋಡಿದರೆ ಪ್ರತಿಯೊಂದು ‘ಅನ್‌ನೋನ್’ ಎಂಟ್ರಿಯೂ ಒಂದೊಂದು ರೀಸ್ಟಾರ್ಟ್‌ನ ಪಕ್ಕದಲ್ಲೇ ಬಂದು ಕೂತಿತು. ಆವತ್ತೇ ಬಿಎಂಸಿಯನ್ನೂ ಸರ್ವರನ್ನೂ ಗಡಿಯಾರ ಸರಿಪಡಿಸುವ ಒಂದೇ ಎನ್‌ಟಿಪಿಗೆ ಜೋಡಿಸಿದೆವು. ಇಂಥ ಹುಡುಕಾಟಕ್ಕೆ ಇಳಿಯುವ ಯಾರಿಗಾದರೂ ನಾನು ಮೊದಲು ಹೇಳುವುದು ಇದನ್ನೇ: ಗಡಿಯಾರಗಳನ್ನು ಮೊದಲು ನೋಡಿ.

ಕಂಪನಿಯ ಸಪೋರ್ಟ್‌ಗೆ ಫೋನ್ ಮಾಡಿ ಲಾಗ್ ಕಳಿಸಿದೆ. ಆ ಕಡೆಯ ಇಂಜಿನಿಯರ್ ಒಳ್ಳೆಯ ಮನುಷ್ಯ, ತಾಳ್ಮೆಯಿಂದ ಕೇಳಿದರು. ಕೊನೆಗೆ, ‘ಮೇಡಂ, ಎಲ್ಲಾ ಫರ್ಮ್‌ವೇರೂ ಲೇಟೆಸ್ಟ್ ಮಾಡ್ಕೊಳ್ಳಿ, ಆಮೇಲೂ ಬಂದ್ರೆ ನೋಡೋಣ’ ಅಂದರು.

ಈ ಮಾತು ಕೇಳಿದರೆ ನಮ್ಮ ಕೆಲಸದವರಿಗೆ ಸಿಟ್ಟು ಬರುತ್ತದೆ. ಸುಮ್ನೆ ಸಾಗಹಾಕುತ್ತಿದ್ದಾರೆ ಅನ್ನಿಸುತ್ತದೆ. ಆದರೆ ಆ ಸಲಹೆಯಲ್ಲಿ ತಿರುಳಿದೆ. ಫರ್ಮ್‌ವೇರ್ ಅಂದರೆ ಪ್ರತಿ ಪಾರ್ಟಿನೊಳಗೇ ಕೂತಿರುವ ಸಾಫ್ಟ್‌ವೇರ್. ಅದು ಕೂಡ ಮನುಷ್ಯರು ಬರೆದ ಪ್ರೋಗ್ರಾಮ್ ತಾನೆ? ಅದರಲ್ಲೂ ತಪ್ಪು ಇರುತ್ತದೆ. 2019ರ ನವೆಂಬರ್‌ನಲ್ಲಿ ಒಂದು ದೊಡ್ಡ ಸರ್ವರ್ ಕಂಪನಿ ತನ್ನ ಕೆಲವು ಎಸ್‌ಎಸ್‌ಡಿಗಳ ಬಗ್ಗೆ ಎಚ್ಚರಿಕೆ ಕೊಟ್ಟಿತ್ತು: 32,768 ಗಂಟೆ ಓಡಿದ ಕೂಡಲೇ ಡಿಸ್ಕ್ ಸತ್ತು ಹೋಗುತ್ತದೆ, ಡೇಟಾ ವಾಪಸ್ ಬರುವುದಿಲ್ಲ. 3 ವರ್ಷ, 270 ದಿನ, 8 ಗಂಟೆ. ಆ ಸಂಖ್ಯೆ ನೋಡಿದರೇ ಗೊತ್ತಾಗುತ್ತದೆ. 16 ಬಿಟ್‌ನಲ್ಲಿ ಧನ-ಋಣ ಎರಡನ್ನೂ ಬರೆಯುವುದಾದರೆ ಹಿಡಿಯುವ ದೊಡ್ಡ ಸಂಖ್ಯೆ 32,767. ಅದರ ಮೇಲೆ ಒಂದು ಕೂಡಿಸಿದರೆ ಲೆಕ್ಕ ತಲೆಕೆಳಗು. ಒಂದೇ ದಿನ ಹಾಕಿದ ಡಿಸ್ಕುಗಳು ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಹೋಗುತ್ತವೆ, ಆಗ ಒಂದು ಡಿಸ್ಕ್ ಹೋದರೂ ಡೇಟಾ ಕಾಯುವ ರೇಡ್ ಇದ್ದೂ ಪ್ರಯೋಜನವಿಲ್ಲ. ಅಂಥದ್ದಕ್ಕೆ ಫರ್ಮ್‌ವೇರ್ ಅಪ್‌ಡೇಟ್ ಒಂದೇ ದಾರಿಯಾಗಿತ್ತು.

ಇನ್ನೊಂದು ಕಡೆಯೂ ಇದೆ. 2018ರ ಜನವರಿಯಲ್ಲಿ ಸ್ಪೆಕ್ಟರ್, ಮೆಲ್ಟ್‌ಡೌನ್ ಅನ್ನೋ ಪ್ರೊಸೆಸರಿನ ಸೆಕ್ಯೂರಿಟಿ ದೋಷಗಳ ಸುದ್ದಿ ಬಂದಾಗ ಬಹಳ ಮಂದಿ ಅವಸರವಾಗಿ ಮೈಕ್ರೋಕೋಡ್ (ಪ್ರೊಸೆಸರಿನ ಒಳಗಿನ ಫರ್ಮ್‌ವೇರ್) ಅಪ್‌ಡೇಟ್ ಹಾಕಿದರು. ಅದೇ ಅಪ್‌ಡೇಟ್‌ನಿಂದ ಇಂಟೆಲ್‌ನ ಹ್ಯಾಸ್‌ವೆಲ್, ಬ್ರಾಡ್‌ವೆಲ್ ಪ್ರೊಸೆಸರ್ ಇರುವ ಕೆಲವು ಮಷೀನ್‌ಗಳು ಇದ್ದಕ್ಕಿದ್ದಂತೆ ರೀಬೂಟ್ ಆಗತೊಡಗಿದವು. ಜನವರಿ 22ಕ್ಕೆ ಇಂಟೆಲ್ ತಾನೇ, ಈಗಿರುವ ಅಪ್‌ಡೇಟ್ ಹಾಕುವುದನ್ನು ನಿಲ್ಲಿಸಿ ಅಂತ ಹೇಳಬೇಕಾಯಿತು. ಔಷಧಿಯಿಂದಲೇ ರೋಗ ಬರಬಹುದು ಅಂತಾಯಿತಲ್ಲ.

ಅದಕ್ಕೇ ‘ಎಲ್ಲಾ ಲೇಟೆಸ್ಟ್ ಮಾಡಿ’ ಅನ್ನೋದರಲ್ಲಿ ನನ್ನ ತಕರಾರು ಇದ್ದದ್ದು ‘ಎಲ್ಲಾ’ ಅನ್ನೋದಕ್ಕೆ ಮಾತ್ರ. ಕಂಪನಿಯವರು ಎಲ್ಲವನ್ನೂ ಒಂದೇ ಇಮೇಜ್‌ನಲ್ಲಿ ಕಟ್ಟಿ ಕೊಡುತ್ತಾರೆ. ಅದನ್ನು ಹಾಕಿ ತೊಂದರೆ ನಿಂತರೆ, ಯಾವುದರಿಂದ ನಿಂತಿತು ಅಂತ ಯಾವತ್ತೂ ಗೊತ್ತಾಗುವುದಿಲ್ಲ. ಹೊಸ ತೊಂದರೆ ಬಂದರೂ ಅಷ್ಟೇ. ಒಂದೊಂದಾಗಿ ಹಾಕಿದರೆ ಪ್ರತಿ ಅಪ್‌ಡೇಟೂ ಒಂದು ಪರೀಕ್ಷೆಯಾಗುತ್ತದೆ. ಇಂಜಿನಿಯರ್ ಹತ್ತಿರ ಇದನ್ನೇ ಹೇಳಿದೆ. ‘ಟೈಮ್ ಜಾಸ್ತಿ ಹಿಡಿಯುತ್ತೆ ಮೇಡಂ, ಆದ್ರೆ ಮಾಡಬಹುದು’ ಅಂದರು. ಯಾವುದು ಮೊದಲು ಅನ್ನೋ ಕ್ರಮವನ್ನೂ ಅವರೇ ಕೊಟ್ಟರು: ಮೊದಲು ಬಿಎಂಸಿ, ಆಮೇಲೆ ಬಯೋಸ್ (ಮಷೀನ್ ಎಬ್ಬಿಸುವ ಫರ್ಮ್‌ವೇರ್), ಆಮೇಲೆ ಕಾರ್ಡುಗಳು, ಕೊನೆಗೆ ಡಿಸ್ಕ್.

ಈಗ ಏನಿದೆ ಅಂತ ಮೊದಲು ಪಟ್ಟಿ ಮಾಡಿದೆವು. ಬಯೋಸ್ ವರ್ಷನ್, ಬಿಎಂಸಿ ವರ್ಷನ್, ರೇಡ್ ಕಂಟ್ರೋಲರ್, ಪ್ರತಿ ಡಿಸ್ಕಿನ ಫರ್ಮ್‌ವೇರ್, ಮೈಕ್ರೋಕೋಡ್, ಕರ್ನಲ್. ಎತ್‌ಟೂಲ್ ಕಮಾಂಡಿಗೆ ‘-i’ ಜೊತೆ ಇಂಟರ್‌ಫೇಸ್ (ಪೋರ್ಟ್) ಹೆಸರು ಕೊಟ್ಟರೆ ನೆಟ್‌ವರ್ಕ್ ಕಾರ್ಡಿನ ಡ್ರೈವರ್ (ಕರ್ನಲ್ ಪರವಾಗಿ ಕಾರ್ಡ್ ನಡೆಸುವ ಪ್ರೋಗ್ರಾಮ್), ಫರ್ಮ್‌ವೇರ್ ಎರಡೂ ವರ್ಷನ್ ತೋರಿಸುತ್ತದೆ. ಎರಡೂ ಸರ್ವರಿನ ಪಟ್ಟಿಯನ್ನು ಅಕ್ಕಪಕ್ಕ ಬರೆದೆವು. ಮೈಕ್ರೋಕೋಡ್ ಬಗ್ಗೆ ಒಂದು ವಿಷಯ ಗಮನದಲ್ಲಿರಲಿ: ಅದು ಪ್ರೊಸೆಸರಿನಲ್ಲಿ ಶಾಶ್ವತವಾಗಿ ಕೂರುವುದಿಲ್ಲ. ಪ್ರತಿ ಬೂಟ್‌ನಲ್ಲೂ ಬಯೋಸ್ ತನ್ನ ಹತ್ತಿರ ಇರುವುದನ್ನು ತುಂಬುತ್ತದೆ, ಇನ್ನೂ ಹೊಸದು ಇದ್ದರೆ ಲಿನಕ್ಸ್ ಅದರ ಮೇಲೆ ತನ್ನದನ್ನು ತುಂಬುತ್ತದೆ. ಹಾಗಾಗಿ ಫೈಲ್ ಇದೆ ಅಂದ ಮಾತ್ರಕ್ಕೆ ಅದು ಹತ್ತಿದೆ ಅಂತ ಅಲ್ಲ. ಓಡುತ್ತಿರುವಾಗ ನೋಡಬೇಕು.

ಪಟ್ಟಿಯಲ್ಲಿ ಎರಡು ಸರ್ವರಿನ ನಡುವೆ ಒಂದೇ ವ್ಯತ್ಯಾಸ ಕಂಡಿತು. ಫರ್ಮ್‌ವೇರ್ ಎಲ್ಲ ಒಂದೇ, ಎಲ್ಲ ಹಳೆಯದು. ಆದರೆ ಮೊದಲನೆಯದರಲ್ಲಿ ಹೊಸ ಕರ್ನಲ್ ಇತ್ತು, ಎರಡನೆಯದರಲ್ಲಿ ಹಳೆಯದು. ಅದರ ಪಕ್ಕ ಪೆನ್ಸಿಲ್‌ನಲ್ಲಿ ಒಂದು ಗೀಟು ಹಾಕಿ ಮುಂದೆ ಹೋದೆವು. ಮೆಮೊರಿ ಪರೀಕ್ಷೆಯನ್ನು ಒಂದು ಭಾನುವಾರ ಇಡೀ ದಿನ ಓಡಿಸಿದೆವು, ಒಂದು ಎರರೂ ಬರಲಿಲ್ಲ.

ಇಷ್ಟರಲ್ಲಿ ಇನ್ನೊಂದು ಕೆಲಸ ಮಾಡಿದ್ದೆವು. ಮಷೀನ್ ಸಾಯುವ ಕೊನೆಯ ಕ್ಷಣದ ಮಾತು ಡಿಸ್ಕಿಗೆ ಬರೆಯುವಷ್ಟರಲ್ಲಿ ರೀಸೆಟ್ ಆಗುತ್ತಿತ್ತಲ್ಲ, ಅದನ್ನು ಡಿಸ್ಕಿಗೆ ಬಿಡದೆ ನೇರವಾಗಿ ನೆಟ್‌ವರ್ಕ್‌ನಲ್ಲಿ ಇನ್ನೊಂದು ಮಷೀನಿಗೆ ಕಳಿಸಬಹುದು. ಲಿನಕ್ಸ್‌ನಲ್ಲಿ ಇದಕ್ಕೆ ನೆಟ್‌ಕನ್ಸೋಲ್ ಅಂತ ಇದೆ. ಕರ್ನಲ್ ತನ್ನ ಸಂದೇಶಗಳನ್ನು ಯುಡಿಪಿ ಪ್ಯಾಕೆಟ್ (ತಲುಪಿತಾ ಅಂತ ಕಾಯದ ನೆಟ್‌ವರ್ಕ್ ಪೊಟ್ಟಣ) ಮಾಡಿ ಎಸೆಯುತ್ತದೆ, ಆ ಕಡೆ ಯಾರಾದರೂ ಹಿಡಿದುಕೊಂಡರೆ ಆಯಿತು. ಬ್ಯಾಕಪ್ ಹೋಗುವುದು 10 ಗಿಗಾಬಿಟ್ ಕಾರ್ಡಿನಲ್ಲಿ. ಅದನ್ನೇ ನಂಬಿದರೆ, ಕೆಡುವುದು ಅದೇ ಆಗಿದ್ದರೆ ಸುದ್ದಿ ಬರುವುದೇ ಇಲ್ಲ. ಹಾಗಾಗಿ ಮದರ್‌ಬೋರ್ಡಿನ 1 ಗಿಗಾಬಿಟ್ ಪೋರ್ಟ್‌ನಿಂದ ಬೇರೆ ಕೇಬಲ್ ಎಳೆದು, ಲ್ಯಾಬಿನ ಒಂದು ಹಳೆಯ ಡೆಸ್ಕ್‌ಟಾಪ್‌ಗೆ ಕಳಿಸಿದೆವು.

ಮುಂದಿನ ರೀಸ್ಟಾರ್ಟ್ ಆದ ಬೆಳಿಗ್ಗೆ ಆ ಡೆಸ್ಕ್‌ಟಾಪ್‌ನಲ್ಲಿ ಹೊಸ ಸಾಲುಗಳಿದ್ದವು. 10 ಗಿಗಾಬಿಟ್ ಕಾರ್ಡಿನ ಎರಡನೇ ಪೋರ್ಟ್‌ನ ಹೆಸರು, ಅದರ ಮುಂದೆ ‘ನೆಟ್‌ಡೆವ್ ವಾಚ್‌ಡಾಗ್’, ‘ಟ್ರಾನ್ಸ್‌ಮಿಟ್ ಕ್ಯೂ ಟೈಮ್ಡ್ ಔಟ್’. ಕಳಿಸು ಅಂತ ಕೊಟ್ಟ ಪ್ಯಾಕೆಟ್ ಹೋಗಿಲ್ಲ ಅಂತ ಕರ್ನಲ್ ದೂರು ಹೇಳಿದೆ. ಡ್ರೈವರ್ ಕಾರ್ಡನ್ನು ರೀಸೆಟ್ ಮಾಡಲು ಹೊರಟಿದೆ. ಆಮೇಲೆ ಏನೂ ಇಲ್ಲ. ಅಷ್ಟು ದಿನ ಬಾಯಿಯೇ ಬಿಡದ ಮಷೀನ್‌ನಿಂದ ಆ ನಾಲ್ಕು ಸಾಲು ಬಂದಾಗ ಆದ ಖುಷಿ ಹೇಳತೀರದು. ಆದರೂ ಇದೇ ಕಾರಣ ಅಂತ ಹೇಳುವ ಹಾಗಿರಲಿಲ್ಲ. ಬೇರೆ ಏನೋ ಕೆಟ್ಟು, ಅದರ ಪೆಟ್ಟು ಕಾರ್ಡಿಗೆ ಬಿದ್ದಿರಬಹುದು.

ಆಮೇಲೆ ಬಿಎಂಸಿ ಅಪ್‌ಡೇಟ್. ಇದಕ್ಕೆ ಸರ್ವರ್ ನಿಲ್ಲಿಸುವುದೂ ಬೇಕಾಗಲಿಲ್ಲ. ಬಿಎಂಸಿ ಮಾತ್ರ ತಾನೇ ರೀಬೂಟ್ ಆಗುತ್ತದೆ, ಆ ಹೊತ್ತಿನಲ್ಲಿ ಫ್ಯಾನ್ ನೋಡಿಕೊಳ್ಳುವವರು ಇಲ್ಲದ ಕಾರಣ ಅವು ಪೂರ್ತಿ ವೇಗದಲ್ಲಿ ಕೂಗುತ್ತವೆ. ಮೊದಲ ಸಲ ಕೇಳಿದವರು ಹೆದರುತ್ತಾರೆ. ನೇರವಾಗಿ ಹೊಸ ವರ್ಷನ್‌ಗೆ ಹಾರುವ ಹಾಗಿರಲಿಲ್ಲ, ನಡುವಿನ ಒಂದು ವರ್ಷನ್ ಹಾಕಿಯೇ ಹೋಗಬೇಕು ಅಂತ ರಿಲೀಸ್ ನೋಟ್ಸ್‌ನಲ್ಲಿ ಬರೆದಿತ್ತು. ಹಾಗೇ ಮಾಡಿದೆವು.

ಈ ಅಪ್‌ಡೇಟ್‌ನಿಂದ ರೀಸ್ಟಾರ್ಟ್ ನಿಲ್ಲಲಿಲ್ಲ. ನಿಲ್ಲುತ್ತದೆ ಅಂತ ನಾನು ಅಂದುಕೊಂಡೂ ಇರಲಿಲ್ಲ. ಆದರೆ ಮುಂದಿನ ಸಲ ರೀಸ್ಟಾರ್ಟ್ ಆದಾಗ ಇವೆಂಟ್ ಲಾಗ್‌ನಲ್ಲಿ ‘ಅನ್‌ನೋನ್’ ಇರಲಿಲ್ಲ! ಪಿಸಿಐ ಎಕ್ಸ್‌ಪ್ರೆಸ್ ಫೇಟಲ್ ಎರರ್, ಕಂಪ್ಲೀಷನ್ ಟೈಮ್‌ಔಟ್, ಬಸ್ 3ಬಿ, ಡಿವೈಸ್ 0, ಫಂಕ್ಷನ್ 1 ಅಂತ ಪೂರ್ತಿ ವಿಳಾಸ ಬರೆದಿತ್ತು. ಪಿಸಿಐ ಎಕ್ಸ್‌ಪ್ರೆಸ್ ಅಂದರೆ ಕಾರ್ಡುಗಳು ಮದರ್‌ಬೋರ್ಡಿನ ಜೊತೆ ಮಾತಾಡುವ ದಾರಿ. ಹಳೆಯ ಬಿಎಂಸಿ ಸಾಫ್ಟ್‌ವೇರ್‌ಗೆ ಆ ಅಂಕಿಗಳನ್ನು ಓದಲು ಬರುತ್ತಿರಲಿಲ್ಲ, ಹೊಸದಕ್ಕೆ ಬರುತ್ತದೆ. ಲಿನಕ್ಸ್‌ನಲ್ಲಿ ಆ ವಿಳಾಸ ಹುಡುಕಿದರೆ ಅದೇ ನೆಟ್‌ವರ್ಕ್ ಕಾರ್ಡಿನ ಎರಡನೇ ಪೋರ್ಟ್ (ಫಂಕ್ಷನ್ ಎಣಿಕೆ 0ಯಿಂದ ಶುರು). 3ಬಿ ಅಂದರೆ ದಶಮಾನದಲ್ಲಿ 59. ಇಂಟರ್‌ಫೇಸ್ ಹೆಸರಿನಲ್ಲೂ ಅದೇ 59 ಇತ್ತು. ನೆಟ್‌ಕನ್ಸೋಲ್ ಮೇಲಿನಿಂದ ಹೇಳಿದ್ದನ್ನು ಬಿಎಂಸಿ ಕೆಳಗಿನಿಂದ ಹೇಳಿತು.

ಕಂಪ್ಲೀಷನ್ ಟೈಮ್‌ಔಟ್ ಅಂದರೆ ಏನಾಗಿದೆ? ಒಂದು ಕಡೆಯಿಂದ ‘ಈ ಜಾಗದ ಮಾಹಿತಿ ಕೊಡು’ ಅಂತ ಬಸ್‌ನಲ್ಲಿ ಕೇಳಿಕೆ ಹೋಗಿದೆ. ಉತ್ತರ ಕೊಡಬೇಕಾದವರು ಗೊತ್ತುಮಾಡಿದ ಸಮಯದೊಳಗೆ ಕೊಟ್ಟಿಲ್ಲ. ಕಾರ್ಡಿನೊಳಗಿನ ಫರ್ಮ್‌ವೇರ್ ಸಿಕ್ಕಿಹಾಕಿಕೊಂಡರೆ ಹೀಗಾಗಬಹುದು. ಇಂಥದ್ದನ್ನು ಫೇಟಲ್ ಅಂತ ಎಣಿಸಿ ಇಡೀ ಮಷೀನನ್ನು ರೀಸೆಟ್ ಮಾಡುವ ಹಾಗೆ ಈ ಸರ್ವರಿನ ಬಯೋಸ್ ಇದೆ. ಕೆಟ್ಟ ಡೇಟಾ ಡಿಸ್ಕಿಗೆ ಹೋಗುವುದಕ್ಕಿಂತ ಅದೇ ವಾಸಿ ಅಂತ ನನಗೂ ಅನ್ನಿಸುತ್ತದೆ.

ಬಯೋಸ್ ಅಪ್‌ಡೇಟ್‌ಗೆ ಶನಿವಾರ ಸಂಜೆ ಕೂತೆವು. ಹಳೆಯ ಸೆಟ್ಟಿಂಗ್‌ಗಳ ಪ್ರತಿ ಪುಟವನ್ನೂ ಮೊಬೈಲಿನಲ್ಲಿ ಫೋಟೋ ಹೊಡೆದಿಟ್ಟಿದ್ದೆವು. ಯುಪಿಎಸ್ ಬ್ಯಾಟರಿ ತುಂಬಿದೆ, ಜನರೇಟರಿನಲ್ಲಿ ಡೀಸೆಲ್ ಇದೆ ಅಂತ ನೋಡಿಕೊಂಡೆವು. ಬಯೋಸ್ ಬರೆಯುವ ನಡುವೆ ಕರೆಂಟ್ ಹೋದರೆ ಆಮೇಲೆ ಬೋರ್ಡೇ ಬದಲಿಸಬೇಕಾಗಿ ಬರಬಹುದು. ಬರೆದು ಮುಗಿದು ಮಷೀನ್ ರೀಬೂಟ್ ಆಯಿತು. ಸ್ಕ್ರೀನ್ ಕಪ್ಪು. ಎಷ್ಟೋ ಹೊತ್ತು ಕಪ್ಪೇ. ‘ಮೇಡಂ, ಹೋತೇನ್ರಿ ಇದು? ಬಟನ್ ಒತ್ತಿ ಬಿಡ್ಲ್ಯಾ?’ ಅಂತ ಹುಡುಗ ಕೇಳಿದ. ಮುಟ್ಟಬೇಡ ಅಂದೆ. ಹೊಸ ಬಯೋಸ್ ಬಂದ ಮೇಲೆ ಮೊದಲ ಬೂಟ್‌ನಲ್ಲಿ ಅದು ಪ್ರತಿ ಮೆಮೊರಿ ಕಡ್ಡಿಯ ಜೊತೆಗೂ ಸಿಗ್ನಲ್‌ನ ಹೊಂದಾಣಿಕೆಯನ್ನು ಮೊದಲಿನಿಂದ ಮಾಡಿಕೊಳ್ಳುತ್ತದೆ. ಮೆಮೊರಿ ಜಾಸ್ತಿ ಇದ್ದಷ್ಟೂ ಹೊತ್ತು ಜಾಸ್ತಿ. ಆ ಹೊತ್ತಿನಲ್ಲಿ ಪವರ್ ಬಟನ್ ಒತ್ತಲೇಬಾರದು. ಕೊನೆಗೆ ಲೋಗೋ ಬಂತು, ಲಿನಕ್ಸ್ ಬಂತು. ವರ್ಚುವಲ್ ಮಷೀನ್ ಒಂದೂ ಏಳಲಿಲ್ಲ. ಅಪ್‌ಡೇಟ್ ಸೆಟ್ಟಿಂಗ್‌ಗಳನ್ನು ಡೀಫಾಲ್ಟ್‌ಗೆ ತಂದಿತ್ತು, ವರ್ಚುವಲೈಸೇಷನ್ ಆಫ್ ಆಗಿತ್ತು. ಫೋಟೋ ನೋಡಿ ಒಂದೊಂದೇ ಸರಿ ಮಾಡಿದೆವು.

ಹೊಸ ಬಯೋಸ್ ಮೇಲೂ ರೀಸ್ಟಾರ್ಟ್ ಆಯಿತು. ಅದೇ ವಿಳಾಸ, ಅದೇ ಎರರ್. ಪಟ್ಟಿಯಲ್ಲಿ ಬಯೋಸ್ ಮುಂದೆ ‘ಅಲ್ಲ’ ಅಂತ ಬರೆದೆವು.

ಈಗ ಪೆನ್ಸಿಲ್ ಗೀಟಿನ ಹತ್ತಿರ ಬಂದೆವು. ಎರಡನೇ ಸರ್ವರಿನಲ್ಲೂ ಅದೇ ಕಾರ್ಡ್, ಅದೇ ಹಳೆಯ ಫರ್ಮ್‌ವೇರ್. ಬ್ಯಾಕಪ್‌ನ ಭಾರ ಅದರ ಮೇಲೂ ಅಷ್ಟೇ ಬೀಳುತ್ತದೆ, ಒಬ್ಬರು ಕಳಿಸುವವರು, ಇನ್ನೊಬ್ಬರು ತಗೊಳ್ಳುವವರು. ಬೇರೆಯಾಗಿದ್ದದ್ದು ಕರ್ನಲ್, ಅಂದರೆ ಅದರೊಳಗಿನ ಡ್ರೈವರ್. ಹಳೆಯ ಕರ್ನಲ್ ಇನ್ನೂ ಮೊದಲ ಸರ್ವರಿನ ಬೂಟ್ ಮೆನುವಿನಲ್ಲಿ ಇತ್ತು. ಅದರಲ್ಲಿ ಬೂಟ್ ಮಾಡಿ, ಬೇರೆ ಏನನ್ನೂ ಮುಟ್ಟದೆ ಬಿಟ್ಟೆವು. ರಾತ್ರಿ ಮೇಲೆ ರಾತ್ರಿ ಬ್ಯಾಕಪ್ ಪೂರ್ತಿಯಾಯಿತು. ಕೈಯಾರೆ ಐಪರ್ಫ್ (ನೆಟ್‌ವರ್ಕಿಗೆ ಭಾರ ಹಾಕಿ ಅಳೆಯುವ ಪ್ರೋಗ್ರಾಮ್) ಹಾಕಿ ಎರಡು ಸರ್ವರಿನ ನಡುವೆ ಕಾರ್ಡನ್ನು ತುಂಬಿಸಿದರೂ ಏನೂ ಆಗಲಿಲ್ಲ. ಹೊಸ ಕರ್ನಲ್‌ಗೆ ವಾಪಸ್ ಬಂದು ಅದೇ ಭಾರ ಹಾಕಿದೆವು. ನಮ್ಮ ಕಣ್ಣೆದುರೇ ಕ್ಯೂ ಟೈಮ್‌ಔಟ್ ಬಂದು ಮಷೀನ್ ರೀಸೆಟ್ ಆಯಿತು. ಎಂದೋ ಒಮ್ಮೆ ಬರುತ್ತಿದ್ದ ತೊಂದರೆ ಈಗ ನಾವು ಕರೆದಾಗ ಬರುವ ತೊಂದರೆಯಾಯಿತು. ಇಂಥ ಕೆಲಸದಲ್ಲಿ ಅರ್ಧ ಗೆದ್ದ ಹಾಗೆ.

ಹಳೆಯ ಕರ್ನಲ್‌ನಲ್ಲೇ ಇದ್ದುಬಿಡಬಹುದಲ್ಲ ಅಂತ ಕಚೇರಿಯಲ್ಲಿ ಕೇಳಿದರು. ಸೆಕ್ಯೂರಿಟಿ ಪ್ಯಾಚ್‌ಗಳು ಬರುವುದು ಹೊಸದಕ್ಕೆ. ಮಕ್ಕಳ ಮಾಹಿತಿ, ಫೀ ಲೆಕ್ಕ ಇರುವ ಮಷೀನನ್ನು ಹಳತರಲ್ಲಿ ಕಟ್ಟಿಹಾಕಲು ನಾನು ಒಪ್ಪಲಿಲ್ಲ. ಕಾರ್ಡಿನ ಫರ್ಮ್‌ವೇರನ್ನು ಡ್ರೈವರ್‌ಗೆ ಸರಿಯಾಗಿ ಮೇಲೆ ತರುವುದೇ ಸರಿ. ಕಾರ್ಡ್ ತಯಾರಿಸುವವರು ಯಾವ ಡ್ರೈವರಿಗೆ ಯಾವ ಫರ್ಮ್‌ವೇರ್ ಜೋಡಿ ಅಂತ ಪಟ್ಟಿ ಕೊಟ್ಟಿರುತ್ತಾರೆ. ನಮ್ಮ ಹೊಸ ಡ್ರೈವರ್ ಪಕ್ಕ ಬರೆದಿದ್ದ ಫರ್ಮ್‌ವೇರ್‌ಗಿಂತ ನಮ್ಮದು ತುಂಬಾ ಹಿಂದೆ ಇತ್ತು.

ಕಾರ್ಡ್ ಅಪ್‌ಡೇಟ್‌ಗೆ ಮುಂಚೆ ಇಂಟರ್‌ಫೇಸ್ ಹೆಸರನ್ನು ಆ ಪೋರ್ಟಿನದ್ದೇ ಗುರುತಾದ ಮ್ಯಾಕ್ ಅಡ್ರೆಸ್‌ಗೆ ಕಟ್ಟಿ ಗಟ್ಟಿ ಮಾಡಿದೆವು. ಡ್ರೈವರ್, ಫರ್ಮ್‌ವೇರ್ ಬದಲಾದಾಗ ಕೆಲವು ಕಾರ್ಡುಗಳಲ್ಲಿ ಹೆಸರಿನ ಬಾಲಕ್ಕೆ ‘ಎನ್‌ಪಿ1’ ಅಂತ ಏನಾದರೂ ಸೇರಿಕೊಳ್ಳುತ್ತದೆ. ಆಗ ವರ್ಚುವಲ್ ಮಷೀನ್‌ಗಳನ್ನು ಕಾರ್ಡಿಗೆ ಸೇರಿಸುವ ಬ್ರಿಡ್ಜ್‌ನ ಸೆಟ್ಟಿಂಗ್‌ಗೆ ಹಳೆಯ ಹೆಸರು ಸಿಗದೆ ಇಡೀ ನೆಟ್‌ವರ್ಕೇ ಬರುವುದಿಲ್ಲ.

ಅಪ್‌ಡೇಟ್ ಆಯಿತು, ರೀಬೂಟ್ ಮಾಡಿದೆವು, ಎತ್‌ಟೂಲ್‌ನಲ್ಲಿ ನೋಡಿದರೆ ಹಳೆಯ ವರ್ಷನ್ನೇ ತೋರಿಸುತ್ತಿದೆ. ಇದೂ ಮಾಮೂಲಿ ಸಂಗತಿ. ಸರ್ವರ್ ಆಫ್ ಆಗಿದ್ದರೂ ಕಾರ್ಡಿಗೆ ಸ್ಟ್ಯಾಂಡ್‌ಬೈ ಕರೆಂಟ್ ಹೋಗುತ್ತಲೇ ಇರುತ್ತದೆ, ನೆಟ್‌ವರ್ಕ್‌ನಿಂದ ಮಷೀನ್ ಎಬ್ಬಿಸಲು ಅದು ಬೇಕು. ಕಾರ್ಡಿನ ಫ್ಲಾಷ್ ಮೆಮೊರಿಯಲ್ಲಿ ಹೊಸದು ಕೂತಿದ್ದರೂ ಓಡುತ್ತಿರುವುದು ಹಳೆಯದೇ. ಎರಡೂ ಪವರ್ ಕೇಬಲ್ ಕಿತ್ತು, ಬೋರ್ಡಿನ ಲೈಟ್‌ಗಳೆಲ್ಲ ಆರುವವರೆಗೆ ಕಾದು, ಮತ್ತೆ ಹಾಕಿದೆವು. ಈಗ ಹೊಸ ವರ್ಷನ್ ಬಂತು.

ಹೊಸ ಕರ್ನಲ್, ಹೊಸ ಫರ್ಮ್‌ವೇರ್, ಅದೇ ಐಪರ್ಫ್. ಮೊದಲು ಯಾವ ಭಾರಕ್ಕೆ ಬೀಳುತ್ತಿತ್ತೋ ಅದನ್ನೇ ರಾತ್ರಿಯಿಡೀ ಹಾಕಿಟ್ಟು ಮನೆಗೆ ಹೋದೆವು. ಬೆಳಿಗ್ಗೆ ಇನ್ನೂ ಓಡುತ್ತಿತ್ತು. ನೆಟ್‌ಕನ್ಸೋಲ್ ಡೆಸ್ಕ್‌ಟಾಪ್‌ನಲ್ಲಿ ಹೊಸ ಸಾಲಿಲ್ಲ, ಬಿಎಂಸಿ ಲಾಗ್‌ನಲ್ಲಿ ಹೊಸ ಎಂಟ್ರಿ ಇಲ್ಲ. ಆಮೇಲೆ ಒಂದು ಸೆಮಿಸ್ಟರ್ ಪೂರ್ತಿ ಕಳೆಯಿತು, ಪರೀಕ್ಷೆ ಫೀ ಕಟ್ಟುವ ನೂಕುನುಗ್ಗಲೂ ಕಳೆಯಿತು. ಆ ಎರರ್ ಮತ್ತೆ ಬರಲಿಲ್ಲ.

ಸಪೋರ್ಟ್ ಇಂಜಿನಿಯರ್ ಟಿಕೆಟ್ ಮುಚ್ಚುವಾಗ ‘ಫರ್ಮ್‌ವೇರ್ ಅಪ್‌ಡೇಟ್‌ನಿಂದ ಸರಿಹೋಯಿತು’ ಅಂತ ಹಾಕಲಾ ಅಂದರು. ಯಾವ ಕಾರ್ಡ್, ಯಾವ ಡ್ರೈವರ್, ಯಾವ ವರ್ಷನ್‌ನಿಂದ ಯಾವ ವರ್ಷನ್‌ಗೆ, ಬಯೋಸ್ ಬದಲಿಸಿದಾಗ ಹೋಗಲಿಲ್ಲ, ಹಳೆಯ ಕರ್ನಲ್‌ನಲ್ಲಿ ಬರಲಿಲ್ಲ, ಇಷ್ಟನ್ನೂ ಬರೆಯಿರಿ ಅಂದೆ. ಅದೇ ಕಾರ್ಡ್ ಇರುವ ಬೇರೆಯವರು ಫೋನ್ ಮಾಡಿದಾಗ ‘ಎಲ್ಲಾ ಲೇಟೆಸ್ಟ್ ಮಾಡಿ’ ಅಂತ ಕೇಳಿಸಿಕೊಳ್ಳುವ ಬದಲು ನೇರವಾಗಿ ಈ ಸಾಲು ಸಿಗಲಿ ಅಂತ ನನ್ನ ಆಸೆ. ಅವರು ನಾನು ಕಳಿಸಿದ ಪಟ್ಟಿಯನ್ನೇ ಟಿಕೆಟ್‌ಗೆ ಅಂಟಿಸಿದರು. ಎರಡನೇ ಸರ್ವರಿಗೆ ಇನ್ನೂ ಹಳೆಯ ಕರ್ನಲ್ ಇದೆ. ಬೇಸಿಗೆ ರಜೆಯಲ್ಲಿ ಮೊದಲು ಅದರ ಕಾರ್ಡಿನ ಫರ್ಮ್‌ವೇರ್, ಆಮೇಲೆ ಕರ್ನಲ್, ಇದೇ ಕ್ರಮದಲ್ಲಿ ಮಾಡುತ್ತೇವೆ.